ಪಾಟಿ ಸವಾಲನ್ನು ಬರೆಯದೆ ಚಿತ್ರೀಕರಿಸಿದ ಬಗೆ

ಕೊಲೆ ಮೊಕದ್ದಮೆಯನ್ನು ಕುರಿತ ನನ್ನ ಚಿತ್ರದಲ್ಲಿ ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ದೃಶ್ಯದ, ಒಂದು ಸಾಲನ್ನೂ ಮೊದಲೇ ಬರೆದಿರಲಿಲ್ಲ. ಸಂಭಾಷಣೆಯ ಬದಲು ಕಲಾವಿದರ ಕೈಗೆ ದೂರು, ಸ್ಥಳ ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ ಇವುಗಳನ್ನು ಕೊಟ್ಟಿದ್ದೆ. ಹೀಗೆ ಮಾಡಿದರೆ ಚಿತ್ರ ದಡ ಸೇರುವುದಿಲ್ಲವೆಂದು ಛಾಯಾಗ್ರಾಹಕರಿಂದ ಹಿಡಿದು ಹಣ ಹೂಡಬೇಕಿದ್ದವರವರೆಗೆ ಎಲ್ಲರೂ ಹೇಳಿದರು. ಚಿತ್ರ ತೆರೆ ಕಂಡು, ನ್ಯಾಯಾಲಯದಲ್ಲೇ ದಿನ ಕಳೆಯುವ ವಕೀಲರು ಮೆಚ್ಚಿದ ಮೇಲೆ ಆ ಕ್ರಮವನ್ನು ಬರೆದಿಡುವ ಧೈರ್ಯ ಬಂದಿದೆ.

ಕಥೆ ಇಷ್ಟು. ಕಾನೂನು ಸೇವಾ ಪ್ರಾಧಿಕಾರ ನೇಮಿಸಿದ ವಕೀಲರ ಬಳಿ ಆರೋಪಿ ತಾನೇ ಕೊಂದದ್ದಾಗಿ ಒಪ್ಪಿಕೊಳ್ಳುತ್ತಾನೆ. 2024ರವರೆಗೆ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 126ನೆಯ ಕಲಮಿನ ಪ್ರಕಾರ ವಕೀಲರು ಅದನ್ನು ಆರೋಪಿಯ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವಂತಿಲ್ಲ. ಆರೋಪಿ ತಪ್ಪಿತಸ್ಥನೆಂದು ತಮಗೆ ಅನ್ನಿಸಿದರೂ ಅವನ ಪರ ವಾದಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ಇತ್ತ ಏಕೈಕ ಪ್ರತ್ಯಕ್ಷ ಸಾಕ್ಷಿಯಾದ ಸತ್ತವಳ ತಾಯಿ ಆ ರಾತ್ರಿ ಮನೆಯಲ್ಲಿರಲೇ ಇಲ್ಲ, ಬೇರೊಂದು ಊರಿನ ಆಸ್ಪತ್ರೆಯಲ್ಲಿದ್ದಳು. ಮಗಳನ್ನು ಕೊಂದವನು ತಪ್ಪಿಸಿಕೊಳ್ಳಬಾರದೆಂದು ಕಣ್ಣಾರೆ ಕಂಡೆನೆಂದು ಹೇಳುತ್ತಿದ್ದಾಳೆ. ಆಸ್ಪತ್ರೆಯ ದಾಖಲೆಯ ಪ್ರತಿ ವಕೀಲರ ಕೈಯಲ್ಲಿದೆ. ಘಟನೆ 2019ರಲ್ಲಿ ನಡೆದದ್ದಾದ್ದರಿಂದ ಕೊಲೆಯ ಕಲಮಾದ ಭಾರತೀಯ ದಂಡ ಸಂಹಿತೆಯ 302ನ್ನೇ ಉಳಿಸಿಕೊಂಡೆ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 103ಕ್ಕೆ ಬದಲಾಯಿಸಿದರೆ ಹೊಸದಾಗಿ ಕಾಣುತ್ತದೆಂದು ಸಲಹೆ ಕೊಟ್ಟವರಿಗೆ, ಅದು 2024ರ ಜುಲೈ 1ರಿಂದ ಈಚೆಗೆ ನಡೆದ ಅಪರಾಧಗಳಿಗೆ ಮಾತ್ರವೆಂದು ತಿಳಿಸಬೇಕಾಯಿತು.

ಮೊದಲ ಪ್ರಯತ್ನ ಎಲ್ಲರಂತೆ ಬರೆದ ಸಂಭಾಷಣೆಯಿಂದಲೇ ಶುರುವಾಗಿತ್ತು. ಕಲ್ಯಾಣ ಮಂಟಪವೊಂದರಲ್ಲಿ ಪರೀಕ್ಷಾರ್ಥ ಚಿತ್ರೀಕರಣ ಮಾಡಿ ಎರಡೂವರೆ ಲಕ್ಷದಷ್ಟು ಕಳೆದೆವು, ಒಂದು ಶಾಟ್ ಕೂಡ ಉಪಯೋಗಕ್ಕೆ ಬರಲಿಲ್ಲ. ವಕೀಲರ ಪಾತ್ರಧಾರಿಗಳಿಬ್ಬರೂ ಭಾಷಣಕ್ಕೆ ಇಳಿದರು. ತಾಯಿಯ ಪಾತ್ರದ ಕಲಾವಿದೆಗೆ ತಾನು ಎಲ್ಲಿ ಸಿಕ್ಕಿಬೀಳುತ್ತೇನೆಂಬುದು ಗೊತ್ತಿದ್ದುದರಿಂದ ಮೊದಲ ಉತ್ತರದಲ್ಲೇ ಸುಳ್ಳು ಎದ್ದು ಕಾಣುತ್ತಿತ್ತು. ಅದನ್ನು ನೋಡಿದ ಹೂಡಿಕೆದಾರರೊಬ್ಬರು ಹಿಂದೆ ಸರಿದದ್ದರಿಂದ ಬಂಡವಾಳದ ಅರ್ಧದಷ್ಟು ಕೈತಪ್ಪಿತು; ನಿವೇಶನವನ್ನು ಅಡವಿಟ್ಟು ಮುಂದುವರಿದೆ.

ಎರಡನೆಯ ಸಲ ಪ್ರತಿಯೊಬ್ಬರಿಗೂ ಅವರವರ ಪಾತ್ರಕ್ಕೆ ತಿಳಿದಿರಬಹುದಾದ ಕಾಗದಗಳನ್ನಷ್ಟೇ ಕೊಟ್ಟೆ. ಆಸ್ಪತ್ರೆಯ ದಾಖಲೆ ಇದ್ದದ್ದು ಆರೋಪಿ ಪರ ವಕೀಲರ ಪಾತ್ರಧಾರಿಯ ಬಳಿ ಮಾತ್ರ, ಅದನ್ನು ಬಳಸುವುದೂ ಬಿಡುವುದೂ ಅವರ ತೀರ್ಮಾನ. ತಾಯಿಯ ಪಾತ್ರಧಾರಿಯನ್ನು ಕೊಲೆ ನಡೆದ ಮನೆಯ ಸೆಟ್‌ನಲ್ಲಿ ಸಂಜೆಗಳಲ್ಲಿ ಕೂರಿಸಿ, ದೀಪ ಎಲ್ಲಿತ್ತು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದೆಲ್ಲ ನಿಜವಾದ ನೆನಪಾಗುವಂತೆ ಮಾಡಿದೆ. ಆಸ್ಪತ್ರೆಯ ವಿಷಯವನ್ನು ಅವರಿಗೆ ಎಷ್ಟು ಹೇಳಿದ್ದೆ, ಯಾವಾಗ ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಚಿತ್ರಕ್ಕೂ ಅದು ಬೇಕಾಗಿದೆ.

ನ್ಯಾಯಾಧೀಶರ ಪಾತ್ರಕ್ಕೆ ನ್ಯಾಯಾಲಯದ ಕಚೇರಿಯ ಮೇಲ್ವಿಚಾರಕರಾಗಿದ್ದ ನಿವೃತ್ತ ಶಿರಸ್ತೇದಾರರೊಬ್ಬರನ್ನು ಆರಿಸಿದ್ದೇ ಚಿತ್ರವನ್ನು ಉಳಿಸಿತು. ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಸಾಕ್ಷಿಯೇ ಮಾತಾಡುವಂತೆ ‘ನಾನು’ ಎಂದೇ ಬೆರಳಚ್ಚುಗಾರರಿಗೆ ಉಕ್ತಲೇಖನ ಕೊಡುತ್ತಾರೆ. ಇವರು ಆ ಧಾಟಿಯನ್ನು ವೃತ್ತಿಯುದ್ದಕ್ಕೂ ಕೇಳಿದವರು. “ಆ ರಾತ್ರಿ ನಾನು ಮನೆಯಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ” ಎಂದು ಅವರು ಏರಿಳಿತವಿಲ್ಲದೆ ಹೇಳುವಾಗ, ತನ್ನ ಸುಳ್ಳನ್ನು ಇನ್ನೊಬ್ಬರ ಬಾಯಿಂದ ಕೇಳುತ್ತ ತಾಯಿ ಸುಮ್ಮನೆ ನಿಂತಿರಬೇಕು. ಉಕ್ತಲೇಖನದ ಆ ಕೆಲವು ಕ್ಷಣಗಳಿಗಾಗಿಯೇ ಎರಡನೆಯ ಕ್ಯಾಮೆರಾವನ್ನು ಕಟಕಟೆಯ ಕೈಪಟ್ಟಿಯ ಮೇಲೆ ಇಟ್ಟಿದ್ದೆ. ಆಕೆಯ ಹೆಬ್ಬೆರಳು ಹೊಸ ವಾರ್ನಿಷ್ ಅನ್ನು ಕೆರೆಯುತ್ತ ಹೋಗಿ, ಪಾಟಿ ಸವಾಲು ಮುಗಿಯುವಷ್ಟರಲ್ಲಿ ಅಲ್ಲಿ ರೂಪಾಯಿ ನಾಣ್ಯದಗಲ ಬಿಳಿ ಮರ ಕಾಣುತ್ತಿತ್ತು. ಕಥೆಯ ಅನುಕ್ರಮದಲ್ಲೇ ಚಿತ್ರೀಕರಿಸಿದ್ದರಿಂದ ಅದು ಎಲ್ಲಿಯೂ ತಾಳ ತಪ್ಪಲಿಲ್ಲ. ಇಂಥದ್ದನ್ನು ಯಾವ ಚಿತ್ರಕಥೆಯಲ್ಲೂ ಬರೆಯಲಾಗದು ಎಂಬುದು ನನ್ನ ದೃಢ ನಂಬಿಕೆ.

ನಡುವೆ ಶಬ್ದದ ಪ್ರಯೋಗವೊಂದನ್ನೂ ಮಾಡಿದೆವು. ಹಳೆಯ ಬೆರಳಚ್ಚು ಯಂತ್ರ ತಂದಿಟ್ಟಾಗ ಅದರ ಸದ್ದು ಸೊಗಸಾಗಿತ್ತು, ಆದರೆ 2019ರ ನಂತರದ ನ್ಯಾಯಾಲಯಕ್ಕೆ ಒಪ್ಪಲಿಲ್ಲ. ಕಂಪ್ಯೂಟರಿನ ಕೀಲಿಮಣೆಯ ಕೆಳಗೆ ಪುಟ್ಟ ಮೈಕ್ ಅಂಟಿಸಿ, ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟೆವು; ಸಂಗೀತಕ್ಕೆಂದು ಇಟ್ಟಿದ್ದ ಸುಮಾರು ಮೂರು ಲಕ್ಷ ಸಂಕಲನಕ್ಕೆ ಹೋಯಿತು.

ಸಂಕಲನವೇ ದುಬಾರಿಯಾದದ್ದು. ತುಮಕೂರಿನ ಹೊರವಲಯದ ಖಾಲಿ ಗೋದಾಮಿನಲ್ಲಿ ಹಾಕಿದ ಸೆಟ್‌ಗೆ ಐದು ಲಕ್ಷ ಸಾಕಾಯಿತು, ಆದರೆ ಉದ್ದುದ್ದ ಟೇಕ್‌ಗಳಿಂದ ಎಪ್ಪತ್ತು ಗಂಟೆಯ ಆಸುಪಾಸು ದೃಶ್ಯ ಸೇರಿ, ಹಾರ್ಡ್ ಡಿಸ್ಕ್‌ಗಳಿಗೇ ಲಕ್ಷ ದಾಟಿತು. ಒಟ್ಟು ವೆಚ್ಚ ನಲವತ್ತೆರಡು ಲಕ್ಷದ ಹತ್ತಿರ.

ಆರೋಪಿ ಪರ ವಕೀಲರ ಪಾತ್ರಧಾರಿ ಆಸ್ಪತ್ರೆಯ ಆ ದಾಖಲೆಯನ್ನು ಹೊರತೆಗೆದರು. ತೆಗೆಯುವ ಮೊದಲು ಬಹಳ ಹೊತ್ತು ಕಡತ ತಿರುವಿದರು, ಆ ಮೌನವನ್ನು ಒಂದು ಫ್ರೇಮೂ ಕತ್ತರಿಸದೆ ಉಳಿಸಿದ್ದೇನೆ. ಅವರು ಮಾಡಿದ್ದೇ ಸರಿಯೆಂದು ನನ್ನ ಅಭಿಪ್ರಾಯ: ಆರೋಪಿ ಕೊಂದದ್ದು ನಿಜವಾದರೂ, ಅವನನ್ನು ಸುಳ್ಳು ಸಾಕ್ಷ್ಯದಿಂದ ಶಿಕ್ಷಿಸಲು ಬಿಡುವುದು ವಕೀಲರ ಕೆಲಸವಲ್ಲ. ನನ್ನ ಹೆಂಡತಿ ಇದನ್ನು ಈಗಲೂ ಒಪ್ಪುವುದಿಲ್ಲ.

ತೀರ್ಪನ್ನೂ ನಾನು ಬರೆಯಲಿಲ್ಲ. ಬೆರಳಚ್ಚಾದ ಸಾಕ್ಷ್ಯದ ಹಾಳೆಗಳನ್ನು ಶಿರಸ್ತೇದಾರರು ಮನೆಗೆ ಒಯ್ದು, ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡುವ ಆದೇಶವನ್ನು ತಾವೇ ಬರೆದು ತಂದರು. ಶಿಕ್ಷೆ, ಬಿಡುಗಡೆ ಎರಡೂ ಮುಕ್ತಾಯಗಳಿಗೆ ಸ್ಥಳ ಕಾದಿರಿಸಿದ್ದರಿಂದ ಜೈಲಿನ ದೃಶ್ಯಕ್ಕೆ ಕೊಟ್ಟಿದ್ದ ಹದಿನೈದು ಸಾವಿರದ ಮುಂಗಡ ಹೋಯಿತು. ಹಾಕಿದ ಹಣದಲ್ಲಿ ಮುಕ್ಕಾಲು ಪಾಲು ಈವರೆಗೆ ಮರಳಿದೆ, ನಿವೇಶನದ ಪತ್ರ ಇನ್ನೂ ಬ್ಯಾಂಕಿನಲ್ಲಿದೆ.