ಬಾಡಿಗೆ ಕಾರಿಗೆ ಸ್ಪೀಡ್ ಫೈನ್ ಬಿದ್ದರೆ: ನನ್ನ ಅನುಭವ

ಮೈಸೂರಿಗೆ ಹೋಗಿಬಂದು ಸೆಲ್ಫ್ ಡ್ರೈವ್ ಕಾರನ್ನು ವಾಪಸ್ ಕೊಟ್ಟು ಕೆಲವು ವಾರ ಆಗಿತ್ತು. ಡೆಪಾಸಿಟ್ ಇನ್ನೂ ಬಂದಿರಲಿಲ್ಲ. ಬಂದದ್ದು ಕಂಪನಿಯ ಮೇಲ್. ಎರಡು ಓವರ್‌ಸ್ಪೀಡ್ ಫೈನ್ ಬಿದ್ದಿದೆ, ಆ ಹಣವನ್ನೂ ಪ್ರತಿ ಫೈನಿಗೆ ಸೇವಾ ಶುಲ್ಕವನ್ನೂ ಡೆಪಾಸಿಟ್‌ನಲ್ಲಿ ಹಿಡಿದುಕೊಂಡಿದ್ದೇವೆ ಅಂತ ಬರೆದಿದ್ದರು. ಚಲನ್ ನಂಬರ್ ಇಲ್ಲ, ಫೋಟೋ ಇಲ್ಲ. ಎಲ್ಲಿ, ಎಷ್ಟು ಹೊತ್ತಿಗೆ ಅನ್ನುವುದೂ ಇಲ್ಲ.

ಆ ಎರಡರಲ್ಲಿ ಒಂದು ನನ್ನದು, ಇನ್ನೊಂದು ನನ್ನದಲ್ಲ. ಅದನ್ನು ಹೇಗೆ ಬೇರೆ ಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಜಾಸ್ತಿ ಜನ ಇಂಥ ಮೇಲ್ ನೋಡಿ "ಹೋಗ್ಲಿ ಬಿಡು" ಅಂತ ಸುಮ್ಮನಾಗುತ್ತಾರೆ.

ಮೊದಲು ಒಂದು ಮಾತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಬೇಕೇ ಬೇಕು ಅನ್ನುವವನು ನಾನು. 2023ರ ಮಾರ್ಚ್‌ನಲ್ಲಿ ರಸ್ತೆ ಉದ್ಘಾಟನೆ ಆದ ಮೇಲೆ ಅಲ್ಲಿ ಎಷ್ಟು ಜನ ಸತ್ತರು ಅನ್ನುವುದನ್ನು ಪೇಪರ್‌ನಲ್ಲಿ ಓದುತ್ತಲೇ ಇದ್ದೆವು. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನು ನಿಲ್ಲಿಸಿದರು. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. 2024ರ ಆಗಸ್ಟ್‌ನಿಂದ 130 ದಾಟಿದರೆ ಬರೀ ಫೈನ್ ಅಲ್ಲ, ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿದರು. ಆದ್ದರಿಂದ ಓಡಿಸಿದವನು ಕಟ್ಟಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಓಡಿಸಿದವನೇ ಕಟ್ಟಬೇಕು.

ಬಾಡಿಗೆ ಕಾರಿನಲ್ಲಿ ತೊಡಕು ಬರುವುದು ಇಲ್ಲೇ. ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟ್. ನೋಟಿಸ್ ಹೋಗುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ. ಆ ಹೊತ್ತಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಅಂತ ಪೊಲೀಸರು ಕೇಳಿದರೆ ಹೇಳಬೇಕಾದದ್ದು ಮಾಲೀಕರ ಹೊಣೆ, ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್‌ನಲ್ಲಿ ಇದು ಇದೆ. ಆದರೆ ಹಾಗೆ ಹೆಸರು ಕೊಡುವ ಗೋಜಿಗೆ ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಹೋಗುವುದಿಲ್ಲ. ತಾವೇ ಕಟ್ಟಿ ಡೆಪಾಸಿಟ್‌ನಲ್ಲಿ ಮುರಿದುಕೊಳ್ಳುವುದು ಅವರಿಗೆ ಸುಲಭ. ಫೈನ್ ಬಾಕಿ ಇಟ್ಟುಕೊಂಡರೆ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸುವಾಗ ಅವರಿಗೂ ತಲೆನೋವು. ಅದು ಅರ್ಥವಾಗುತ್ತದೆ. ಆದರೆ ಒಂದೇ ದಿನ ಒಂದೇ ಕಾರು ಇಬ್ಬರ ಕೈಗೆ ಹೋಗುತ್ತದೆ. ತಾರೀಖು ಮಾತ್ರ ನೋಡಿ ಹೆಸರಿಗೆ ಹಾಕಿದರೆ ತಪ್ಪಾಗದೇ ಇರುತ್ತದಾ?

ನಾನು ಮಾಡಿದ ಮೊದಲ ಕೆಲಸ, ಎರಡೂ ಚಲನ್ ನಂಬರ್ ಕೊಡಿ ಅಂತ ಮೇಲ್‌ನಲ್ಲೇ ಕೇಳಿದ್ದು. ಫೋನಿನಲ್ಲಿ ಕೇಳಿದರೆ "ನೋಡಿ ಹೇಳ್ತೀವಿ ಸರ್" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮೇಲ್ ಆದರೆ ದಾಖಲೆ ಉಳಿಯುತ್ತದೆ. ಅವರು ಉತ್ತರ ಕೊಡುವ ತನಕ ಕಾಯಲಿಲ್ಲ. ಸರ್ಕಾರದ ಪರಿವಾಹನ್‌ನ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿಯೂ ನೋಡಬಹುದು, ಆದರೆ ಅದು ಚಾಸಿಸ್ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ. ಕಾರು ತಗೊಳ್ಳುವಾಗಲೇ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿದ್ದ ಆರ್‌ಸಿಯ ಫೋಟೋ ತೆಗೆದಿಟ್ಟುಕೊಂಡಿದ್ದೆ. ಅದು ಇಲ್ಲಿ ಕೆಲಸಕ್ಕೆ ಬಂತು. ನೀವೂ ತೆಗೆದಿಟ್ಟುಕೊಳ್ಳಿ, ಅರ್ಧ ನಿಮಿಷದ ಕೆಲಸ.

ಚಲನ್ ತೆರೆದಾಗ ಫೋಟೋ ನಿಧಾನವಾಗಿ ನೋಡಿ. ನನ್ನ ಮೊದಲನೆಯದರಲ್ಲಿ ಕಾರಿನ ಮುಂಭಾಗ, ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ, ಒಂದೊಂದು ಅಂಕಿಯೂ ಸ್ಪಷ್ಟ. ಕೆಳಗಿನ ಪಟ್ಟಿಯಲ್ಲಿ ಜಾಗ, ತಾರೀಖು, ಗಂಟೆ, ನಿಮಿಷ, ಸೆಕೆಂಡ್, ಮಿತಿ 100, ಅಳತೆ 112. ಮದ್ದೂರು ದಾಟಿದ ಮೇಲೆ, ಮಧ್ಯಾಹ್ನ. ಅದು ನಾನೇ. ಈಗಿನ ಕಾರುಗಳಲ್ಲಿ 80 ದಾಟಿದರೆ ಆಗಾಗ ಬೀಪ್ ಬರುತ್ತದೆ, 120 ದಾಟಿದರೆ ಬಿಡದೆ ಬಡಿದುಕೊಳ್ಳುತ್ತದೆ. ನಡುವಿನ 100ಕ್ಕೆ ಬೇರೆ ಸದ್ದು ಇಲ್ಲ. ಹಾಗಾಗಿ ಆ ರಸ್ತೆಯಲ್ಲಿ ಬೀಪ್ ನಂಬಬೇಡಿ, ಮೀಟರ್ ನೋಡಿ. ನಮ್ಮ ರಾಜ್ಯದಲ್ಲಿ ಕಾರಿನ ಓವರ್‌ಸ್ಪೀಡ್ ಫೈನ್ 1000 ರೂಪಾಯಿ.

ಎರಡನೆಯದು ಅದೇ ತಾರೀಖು. ಆದರೆ ಬೆಳಿಗ್ಗೆ 7 ಗಂಟೆ 40 ನಿಮಿಷ, ಮೈಸೂರಿನಿಂದ ಬೆಂಗಳೂರಿಗೆ ಬರುವ ಕಡೆ. ನಾನು ಕಾರು ತಗೊಂಡದ್ದು 10 ಗಂಟೆಗೆ, ಬೆಂಗಳೂರಿನಲ್ಲಿ.

ಫೋನ್ ಮಾಡಿದೆ. ಕಸ್ಟಮರ್ ಕೇರ್ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಸರ್, ಆ ದಿನ ಗಾಡಿ ನಿಮ್ಮ ಹೆಸರಲ್ಲೇ ಬುಕ್ ಆಗಿದೆ ಅಲ್ವಾ?"

"ದಿನ ನನ್ನದೇನಪ್ಪ, ಹೊತ್ತು ನನ್ನದಲ್ಲ. ಚಲನ್‌ನಲ್ಲಿ ಟೈಮ್ ನೋಡಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಪ್ರೂಫ್ ಇದ್ದರೆ ಮೇಲ್ ಮಾಡಿ ಸರ್" ಅಂದ.

ಪ್ರೂಫ್ ಅಂತ ಕಳಿಸಿದ್ದು ಇಷ್ಟು. ಬುಕಿಂಗ್ ರಸೀದಿ, ಅದರಲ್ಲಿ ಪಿಕಪ್ ಸಮಯ ಇದೆ. ಕಾರು ತಗೊಳ್ಳುವಾಗ ಅವರ ಆ್ಯಪ್‌ಗೇ ಹಾಕಿದ ಫೋಟೋಗಳು, ಅದರಲ್ಲಿ ಓಡೋಮೀಟರ್‌ನದ್ದೂ ಒಂದು. ಚಲನ್‌ನ ಸ್ಕ್ರೀನ್‌ಶಾಟ್. ಮೂರನ್ನೂ ಒಂದೇ ಮೇಲ್‌ಗೆ ಸೇರಿಸಿ, 7:40ಕ್ಕೂ 10:00ಕ್ಕೂ ಅಡಿಗೆರೆ ಹಾಕಿದೆ. ಉದ್ದದ ದೂರು ಬರೆಯಲಿಲ್ಲ. ಸಿಟ್ಟಿನಲ್ಲಿ ಬರೆದ ಉದ್ದದ ಪತ್ರವನ್ನು ಆ ಕಡೆ ಯಾರೂ ಪೂರ್ತಿ ಓದುವುದಿಲ್ಲ. ಆ ಎರಡು ಸಮಯ ಕಣ್ಣಿಗೆ ಬಿದ್ದರೆ ಸಾಕು. ಟೋಲ್ ದಾಟಿದ ಸಮಯವೂ ಒಳ್ಳೆಯ ಸಾಕ್ಷಿ, ಆದರೆ ಫಾಸ್ಟ್ಯಾಗ್ ಮೆಸೇಜ್ ಹೋಗುವುದು ಮಾಲೀಕರ ಫೋನಿಗೆ. ಕಣಿಮಿಣಿಕೆ ಮತ್ತು ಗಣಂಗೂರು ಟೋಲ್‌ಗಳ ಸಮಯವನ್ನು ನೀವೇ ತೆಗೆದು ನೋಡಿ ಅಂತ ಒಂದು ಸಾಲು ಸೇರಿಸಿದೆ. ಬಂಕಿನ ಯುಪಿಐ ಪಾವತಿಯೂ ಸಮಯ ತೋರಿಸುತ್ತದೆ, ಬೇಕಾದರೆ ಇರಲಿ ಅಂತ ಇಟ್ಟುಕೊಂಡಿದ್ದೆ.

ಆ ಫೈನ್ ವಾಪಸ್ ಬಂತು. ಅದರ ಮೇಲಿನ ಸೇವಾ ಶುಲ್ಕ ಬರಲಿಲ್ಲ. ಇನ್ನೊಂದು ಮೇಲ್ ಹಾಕಿದ ಮೇಲೆ ಅದೂ ಬಂತು.

ನನ್ನದೇ ಆದ ಫೈನಿನ ವಿಷಯದಲ್ಲೂ ಒಂದು ಕೆಲಸ ಇತ್ತು. ಚಲನ್ ಇನ್ನೂ ಬಾಕಿ ಅಂತಲೇ ತೋರಿಸುತ್ತಿತ್ತು, ಅಂದರೆ ಹಣ ಹಿಡಿದುಕೊಂಡಿದ್ದರೇ ಹೊರತು ಸರ್ಕಾರಕ್ಕೆ ಕಟ್ಟಿರಲಿಲ್ಲ. ನಾನೇ ಕಟ್ಟುತ್ತೇನೆ, ಡೆಪಾಸಿಟ್‌ನಲ್ಲಿ ಹಿಡಿದದ್ದು ಬಿಡಿ ಅಂತ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡೆ. ಆಮೇಲೆ ಆನ್‌ಲೈನ್‌ನಲ್ಲಿ ಕಟ್ಟಿ ರಸೀದಿ ಕಳಿಸಿದೆ. ಒಪ್ಪಿಗೆ ಇಲ್ಲದೆ ಕಟ್ಟಬೇಡಿ. ಎರಡೂ ಕಡೆ ಹಣ ಹೋದರೆ ವಾಪಸ್ ಪಡೆಯುವುದು ಬಹಳ ಕಷ್ಟ. ಆನ್‌ಲೈನ್ ಬೇಡ ಅನ್ನುವವರು ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಕಟ್ಟಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಕೆಲವು ಕಂಪನಿಗಳು ಕಾರಿನ ಜಿಪಿಎಸ್ ನೋಡಿ, ಇಷ್ಟು ವೇಗ ದಾಟಿದರೆ ಇಷ್ಟು ಅಂತ ತಮ್ಮದೇ ದಂಡ ಹಾಕುತ್ತವೆ. ಅದು ಪೊಲೀಸರ ಫೈನ್ ಅಲ್ಲ, ಅದಕ್ಕೆ ಚಲನ್ ನಂಬರ್ ಇರುವುದಿಲ್ಲ. ನೀವು ಒಪ್ಪಿಕೊಂಡ ಷರತ್ತುಗಳಲ್ಲಿ ಅದು ಇದೆಯಾ, ಮೊತ್ತ ಎಷ್ಟು ಅಂತ ನೋಡಬೇಕು. ಬಿಲ್‌ನಲ್ಲಿ ಎರಡನ್ನೂ "ಓವರ್‌ಸ್ಪೀಡ್" ಅಂತ ಒಟ್ಟಿಗೆ ಬರೆದಿದ್ದರೆ ಬಿಡಿಸಿ ಕೇಳಿ.

ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ತಗೊಳ್ಳಲೇಬೇಡಿ. ಸ್ವಂತ ಬಳಕೆಯ ಗಾಡಿಯನ್ನು ಬಾಡಿಗೆಗೆ ಕೊಡುವಂತಿಲ್ಲ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಫೈನ್ ಬಿದ್ದರೆ ನಿಮ್ಮ ಕೈಯಲ್ಲಿ ಸರಿಯಾದ ರಸೀದಿಯೂ ಇರುವುದಿಲ್ಲ.

ಚಲನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ. ಬಾಡಿಗೆ ಕಾರು ವಾಪಸ್ ಕೊಟ್ಟು ಫೈನ್ ಬಂದೀತಾ ಅಂತ ಯೋಚಿಸುತ್ತಿರುವವರು ಬೇಗ ನಂಬಿಬಿಡುತ್ತಾರೆ. ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುವ ತಾಣವನ್ನು ನೀವೇ ಟೈಪ್ ಮಾಡಿ ತೆರೆಯಿರಿ.

ಇನ್ನು ಫೋಟೋದಲ್ಲಿರುವುದು ನಿಮ್ಮ ಗಾಡಿಯೇ ಅಲ್ಲದಿದ್ದರೆ, ಅಥವಾ ನಂಬರ್ ತಪ್ಪಾಗಿ ಓದಿದ್ದರೆ, ದೂರು ಕೊಡುವುದಕ್ಕೆ ಮಾಲೀಕರನ್ನೇ ಮುಂದೆ ಮಾಡಿ, ನೋಟಿಸ್ ಇರುವುದು ಅವರ ಹೆಸರಿನಲ್ಲಿ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ, ಕ್ಯಾಮೆರಾ ಚಲನ್‌ನಲ್ಲಿ ನಂಬರ್ ಪ್ಲೇಟ್ ಕಾಣುವ ಫೋಟೋ, ಜಾಗ, ತಾರೀಖು, ಸಮಯ, ಅಳತೆ ಎಲ್ಲ ಇರಬೇಕು. ಇದರಲ್ಲಿ ಯಾವುದು ಕಾಣುತ್ತಿಲ್ಲವೋ ಅದನ್ನೇ ಹೆಸರಿಸಿ ಬರೆಯಿರಿ, ಮತ್ತು ಕಂಪನಿಯಿಂದ ಉತ್ತರ ಬರುವ ತನಕ ಹಿಡಿದ ಡೆಪಾಸಿಟ್‌ಗೆ "ಒಪ್ಪಿದೆ" ಅನ್ನುವ ಬಟನ್ ಒತ್ತಬೇಡಿ.