ಕೊಳವಿಲ್ಲದೆ ಟಬ್ಬಿನಲ್ಲೇ ನೈದಿಲೆ

ತೂತಿಲ್ಲದ 50–60 ಲೀಟರಿನ ಅಗಲ ಬಾಯಿಯ ಟಬ್ಬು ಸಾಕು. ಆಳಕ್ಕಿಂತ ಅಗಲ ಮುಖ್ಯ, ಎಲೆ ಹರಡೋದು ಮೇಲೆ ತಾನೆ. ದಿನಕ್ಕೆ 5–6 ತಾಸು ಬಿಸಿಲು ಬೀಳದಿದ್ದರೆ ಎಲೆಯಷ್ಟೇ ಬರುತ್ತೆ, ಹೂವಿಲ್ಲ.

ಹೆಚ್ಚಿನವರು ಎಡವೋದು ಮಣ್ಣಿನಲ್ಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಹಸಿ ಸಗಣಿ ಬೇಡವೇ ಬೇಡ: ತೇಲುತ್ತವೆ, ಕೊಳೆತು ನಾರುತ್ತವೆ. ದಾವಣಗೆರೆ ಕಡೆಯ ಎರೆಮಣ್ಣಿಗೆ ಮೂರನೇ ಒಂದು ಪಾಲು ಕೆಮ್ಮಣ್ಣು ಬೆರೆಸಿ; ಕೆರೆಗೋಡು, ಅಂದರೆ ಕೆರೆಯ ಹೂಳು, ಸಿಕ್ಕರೆ ಇನ್ನೂ ಒಳ್ಳೇದು. ಹತ್ತಿಂಚಿನ ಬುಟ್ಟಿಗೆ ತುಂಬಿ, ಗೆಡ್ಡೆಯನ್ನು ಅಂಚಿನಲ್ಲಿ ಓರೆಯಾಗಿಟ್ಟು, ಚಿಗುರಿನ ತುದಿ ಮಣ್ಣಿನ ಮೇಲೆ ಕಾಣುವಂತೆ ನೆಡಿ. ತುದಿ ಹೂತರೆ ಕೊಳೆಯುತ್ತೆ. ಮೇಲೆ ಅರ್ಧ ಇಂಚು ದಪ್ಪ ಮರಳು ಹರಡಿ. ಬುಟ್ಟಿಯನ್ನು ಟಬ್ಬಿನೊಳಗಿಟ್ಟು ಮೊದಲು ಚಿಗುರಿನ ಮೇಲೆ ನಾಲ್ಕಿಂಚು ನೀರು ನಿಲ್ಲಿಸಿ, ಎಲೆ ಮೇಲೆ ಬಂದ ಹಾಗೆ ಹತ್ತಿಂಚಿನವರೆಗೆ ಏರಿಸಿ.

ಗೊಬ್ಬರಕ್ಕೆ ಒಂದು ಟೀ ಚಮಚ ಡಿಎಪಿ ರಸಗೊಬ್ಬರವನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ, ತಿಂಗಳಿಗೊಮ್ಮೆ ಬುಡದಿಂದ ದೂರಕ್ಕೆ ಬೆರಳುದ್ದ ಆಳಕ್ಕೆ ಒತ್ತಿ. ನೀರಿಗೇ ಎರಚಿದರೆ ಪಾಚಿಗೆ ಹಬ್ಬ! ಹೊಸ ಟಬ್ಬು ಮೊದಮೊದಲು ಹಸಿರಾಗೋದು ಸಹಜ. ನೀರು ಚೆಲ್ಲಿ ಬದಲಿಸಬೇಡಿ, ಎಲೆ ನೆರಳು ಕಟ್ಟಿದ ಮೇಲೆ ತಾನೇ ತಿಳಿಯಾಗುತ್ತೆ.

ಚಿತ್ರದುರ್ಗದ ಬೋರ್‌ವೆಲ್ ನೀರು ಗಡಸಾಗಿದ್ದರೆ ಬೇಸಿಗೆಯಲ್ಲಿ ನೀರು ಆವಿಯಾದಷ್ಟೂ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತೆ. ಮಳೆನೀರು ಹಿಡಿದಿಟ್ಟು ಸೇರಿಸಿ. ಸೊಳ್ಳೆ ಮರಿಗೆ ನಾಲ್ಕೈದು ಗಪ್ಪಿ ಮೀನು ಬಿಡಿ.