ಬಟವಾಡೆ ಯಾರ ಕೈಗೆ? ಡೇರಿ ಕಾರ್ಯದರ್ಶಿಯ ಅನುಭವ

ನಾನು ಕೋಲಾರ ಜಿಲ್ಲೆಯ ಒಂದು ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಹೆಸರಿಗೆ ಸಂಘ ಹೆಂಗಸರದ್ದು. ಆದರೆ ಹಾಲಿನ ದುಡ್ಡನ್ನು ಕೈಗೆ ಕೊಡುತ್ತಿದ್ದ ಕಾಲದಲ್ಲಿ ಬಟವಾಡೆ ದಿನ ಸಾಲಲ್ಲಿ ನಿಲ್ಲುತ್ತಿದ್ದವರು ಜಾಸ್ತಿ ಗಂಡಸರೇ. ಸಗಣಿ ಬಾಚಿ, ಮೇವು ತಂದು, ಹಾಲು ಕರೆಯುವವಳು ಹೆಂಡತಿ. ಎಣಿಸಿಕೊಂಡು ಹೋಗುವವನು ಗಂಡ.

ದುಡ್ಡು ಬ್ಯಾಂಕ್ ಖಾತೆಗೆ ಹೋದರೆ ಎಲ್ಲ ಸರಿಹೋಗುತ್ತದೆ ಅಂದರು. ಎಲ್ಲಿ ಸರಿಹೋಯಿತು? ಖಾತೆ ಅವಳದ್ದು, ಅದಕ್ಕೆ ಕೊಟ್ಟ ಮೊಬೈಲ್ ನಂಬರ್ ಗಂಡನದ್ದು. ದುಡ್ಡು ಬಿದ್ದ ಮೆಸೇಜ್ ಅವನಿಗೆ, ಎಟಿಎಂ ಕಾರ್ಡ್ ಅವನ ಜೇಬಲ್ಲಿ. ಹಾಗಾಗಿ ನಾನು ಮೊದಲು ಹಿಡಿದದ್ದು ಈ ನಂಬರನ್ನೇ. ಕೀಪ್ಯಾಡ್ ಫೋನಾದರೂ ಸಾಕು, ನಂಬರ್ ಅವಳದ್ದಿರಬೇಕು. ನಾಲ್ಕೈದು ಜನರನ್ನು ಒಟ್ಟಿಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿ ಫಾರಂ ತುಂಬಿಸುತ್ತಿದ್ದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆಯಲ್ಲವಾ, ಬಸ್ ಚಾರ್ಜಿಗೆ ಗಂಡನ ಮುಂದೆ ಕೈ ಚಾಚುವುದೂ ತಪ್ಪಿತು. ಹೋದಾಗಲೇ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತಲೂ ನೋಡಿಸುತ್ತಿದ್ದೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಆ ಖಾತೆಗೇ ಹೋಗುವುದು. ಎಷ್ಟೋ ಜನಕ್ಕೆ ಅದು ಮರೆತೇಹೋದ ಹಳೇ ಖಾತೆ.

"ಏನಮ್ಮ, ಮನೆ ಒಡೆಯೋಕೆ ಹೊರಟಿದ್ದೀಯಾ?" ಅಂತ ಕೇಳಿದವರಿದ್ದಾರೆ. ನಾನು ಜಗಳಕ್ಕೆ ಹೋಗಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಟವಾಡೆ ಚೀಟಿ ಓದುತ್ತಿದ್ದೆ. ಇಷ್ಟು ಲೀಟರ್, ಹಾಲಿನ ಕೊಬ್ಬು (ಫ್ಯಾಟ್) ಇಷ್ಟು, ಪಶು ಆಹಾರಕ್ಕೆ (ಫೀಡ್) ಮುರಿದುಕೊಂಡದ್ದು ಇಷ್ಟು, ಕೈಗೆ ಉಳಿದದ್ದು ಇಷ್ಟು. ಎಷ್ಟು ಬಂತು ಅಂತಲೇ ಗೊತ್ತಿಲ್ಲದವಳು ಮನೆಯಲ್ಲಿ ಏನಂತ ಕೇಳುತ್ತಾಳೆ ಹೇಳಿ?

ಬದಲಾವಣೆ ನನಗೆ ಮೊದಲು ಕಂಡದ್ದು ಅಳತೆಯಲ್ಲಿ. ಕೆಲವರ ಹಾಲು ಅರ್ಧ ಲೀಟರ್ ಕಡಿಮೆಯಾಯಿತು. ಹಸು ಏನಾದರೂ ಬತ್ತುತ್ತಿದೆಯಾ ಅಂದರೆ, "ಇಲ್ಲಕ್ಕ, ಹುಡುಗ್ರಿಗೆ ಇಟ್ಕೊಂಡೆ" ಅಂದರು. ಮೊದಲು ಹಾಗೆ ಇಟ್ಟುಕೊಂಡರೆ ಲೆಕ್ಕದಲ್ಲಿ ಕಡಿಮೆ ಬಂತು ಅಂತ ಗಂಡನಿಗೆ ಉತ್ತರ ಕೊಡಬೇಕಿತ್ತು. ಸಂಘದ ಲೆಕ್ಕಕ್ಕೆ ಇದು ನಷ್ಟವೇ. ಇರಲಿ ಬಿಡಿ. ಹಾಲು ಮಾರುವ ಮನೆಯ ಮಕ್ಕಳು ಕರಿ ಟೀ ಕುಡಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಗೃಹಲಕ್ಷ್ಮಿ ಬಂದಾಗ ಸೊಸೆಯಂದಿರಿಗೆ ಬೇರೆ ಸಂಕಟ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ತಿಂಗಳಿಗೆ 2,000 ಅತ್ತೆಗೇ. ನನಗೆ ಅದು ಅಷ್ಟೇನೂ ಕೆಟ್ಟದ್ದು ಅನ್ನಿಸಲಿಲ್ಲ. ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿ ಬಗ್ಗೆ ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ 2003ರಲ್ಲಿ ಬರೆದದ್ದನ್ನು ಓದಿದ್ದೆ. ಪಿಂಚಣಿ ಅಜ್ಜಿಗೆ ಬಂದ ಮನೆಗಳಲ್ಲಿ ಹೆಣ್ಣುಮಕ್ಕಳ ತೂಕ, ಎತ್ತರ ಸುಧಾರಿಸಿತ್ತು. ತಾತನಿಗೆ ಬಂದ ಕಡೆ ಅಂಥದ್ದು ಕಾಣಲಿಲ್ಲ. ನಮ್ಮ ಕಡೆಯೂ ಅತ್ತೆಯ ದುಡ್ಡು ಮೊಮ್ಮಕ್ಕಳ ಮೊಟ್ಟೆ, ಬಾಳೆಹಣ್ಣಿಗೆ ಹೋಗುವುದನ್ನು ಕಂಡಿದ್ದೇನೆ. ಸೊಸೆ ಕೈಗೆ ಮಾತ್ರ ಅದು ಸಿಗುವುದಿಲ್ಲ, ಆ ಬೇಜಾರು ನಿಜವೇ.

ಎಲ್ಲ ಒಳ್ಳೆಯದೇ ಆಯಿತು ಅಂತ ಅಲ್ಲ. "ನಿನಗೆ ಬರುತ್ತಲ್ಲ" ಅಂತ ಮನೆಖರ್ಚಿಗೆ ಕೊಡುವುದನ್ನೇ ನಿಲ್ಲಿಸಿದ ಗಂಡಂದಿರಿದ್ದಾರೆ. ಅಂಥ ಮನೆಯಲ್ಲಿ ದುಡ್ಡು ಅವಳ ಕೈಗೆ ಬಂದರೂ ಮಕ್ಕಳಿಗೆ ಹೊಸದಾಗಿ ಏನೂ ಸಿಗಲಿಲ್ಲ. ಇದಕ್ಕಿಂತ ನನ್ನನ್ನು ಕಾಡಿದ್ದು ಹೆಣ್ಣುಮಕ್ಕಳ ವಿಷಯ. ತನ್ನದೇ ಆದಾಯ ಅಂದಮೇಲೆ ತಾಯಿ ಇನ್ನೊಂದು ಸೀಮೆ ಹಸು ಕಟ್ಟುತ್ತಾಳೆ. ಕೆಲಸ ಹೆಚ್ಚುತ್ತದೆ. ಸ್ಕೂಲಿಗೆ ಮುಂಚೆ ಸಗಣಿ ಬಾಚುವವಳು ಮಗಳು, ಮಲಗಿರುವವನು ಮಗ. ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡೇ ಹಾಲು ಹಾಕಲು ಬರುವ ಹುಡುಗಿಯರನ್ನು ನೋಡಿ, ಬರೀ ದುಡ್ಡಿನ ಮಾತಾಡಿದರೆ ಸಾಲದು ಅನ್ನಿಸಿತು. ಮೀಟಿಂಗಿನಲ್ಲಿ ಕೇಳತೊಡಗಿದೆ: ಮಗನಿಗೆ ಕ್ಯಾನ್ ಹೊರಲು ಬರಲ್ವಾ? ಕೆಲವರು ನಕ್ಕರು. ಕೆಲವು ಹುಡುಗರು ಬರತೊಡಗಿದರು. ಮೇವು ಕತ್ತರಿಸುವ ಯಂತ್ರ ತಂದುಕೊಂಡ ಮನೆಗಳಲ್ಲಿ ಬೆಳಗಿನ ಕೆಲಸ ನಿಜಕ್ಕೂ ಹಗುರಾಯಿತು. ಹೊಸ ಹಸು ಕಟ್ಟುತ್ತೇನೆ ಅಂದವರಿಗೆ, ಮೊದಲು ಯಂತ್ರ ತಗೊಳ್ಳಿ, ಆಮೇಲೆ ಹಸು ಅಂತ ಈಗ ಹೇಳುತ್ತೇನೆ.

ಸದ್ಯ ನಾನು ಹಸುಗಳ ವಿಮೆ ಕಾಗದದ ಹಿಂದೆ ಬಿದ್ದಿದ್ದೇನೆ. ಹಸುವಿನ ಕಿವಿಗೆ ಗುರುತಿನ ಓಲೆ ಹಾಕುವಾಗ ಕಾಗದದಲ್ಲಿ ಮಾಲೀಕರ ಹೆಸರು ಬರೆಯುತ್ತಾರೆ. ಅಲ್ಲಿ ಗಂಡನ ಹೆಸರಿದ್ದರೆ, ಹಸು ಸತ್ತಾಗ ಪರಿಹಾರವೂ ಅವನಿಗೇ. ಹೆಸರು ಬದಲಿಸಿ ಅಂದರೆ ಬಟವಾಡೆಗೆ ಒಪ್ಪಿಕೊಂಡ ಗಂಡಸರೂ ಇದಕ್ಕೆ ಸುಲಭವಾಗಿ ಒಪ್ಪುತ್ತಿಲ್ಲ.